16 ಆಂಪ್ ಪ್ಲಗ್ಗನ್ನು 6 ಆಂಪ್ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್: ಅಡುಗೆಮನೆಗೆ ಬೇಡ

ಹೊಸ ಇಂಡಕ್ಷನ್ ಒಲೆಯ ದಪ್ಪ ಪ್ಲಗ್ಗು ಅಡುಗೆಮನೆಯ ಸಣ್ಣ ಸಾಕೆಟ್ಟಿಗೆ ಹೊಂದದಿದ್ದಾಗ ಎಲೆಕ್ಟ್ರಿಕಲ್ ಅಂಗಡಿಯವರು ಸಾಮಾನ್ಯವಾಗಿ ಕೈಗಿಡುವುದು ಈ ಬಿಳಿ ಅಡಾಪ್ಟರನ್ನು. ನಮಗೆ ಸಿಕ್ಕಿದ್ದರ ಮೇಲೆ ಐಎಸ್‌ಐ ಗುರುತೇ ಇರಲಿಲ್ಲ.

2000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಅಡಾಪ್ಟರು ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆಯೇ ಹೊರತು ಗೋಡೆಯಲ್ಲಿರುವ 6 ಆಂಪ್ ಸಾಕೆಟ್ಟಿನ ಅಥವಾ ಅದಕ್ಕೆ ಬಂದಿರುವ ತೆಳು ವೈರಿನ ಸಾಮರ್ಥ್ಯವನ್ನಲ್ಲ. ಬೇಳೆ ಬೇಯುವಷ್ಟರಲ್ಲಿ ಅಡಾಪ್ಟರಿನ ಮೈ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಕಳಚಿ ನೋಡಿದರೆ ಫೇಸ್ ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬರುತ್ತಿತ್ತು.

ಇದಕ್ಕಿಂತಲೂ ಅಪಾಯಕಾರಿ ಇದರ ಮುಂದಿನ ಹೆಜ್ಜೆ. ಎಂಸಿಬಿ (ಮಿತಿಮೀರಿ ಕರೆಂಟ್ ಹರಿದಾಗ ತಾನಾಗಿಯೇ ಆಫ್ ಆಗುವ ಸ್ವಿಚ್ಚು) ಪದೇ ಪದೇ ಟ್ರಿಪ್ ಆಗುತ್ತದೆಂದು 6 ಆಂಪ್‌ನದನ್ನು ತೆಗೆದು, ವೈರು ಬದಲಿಸದೆಯೇ 20 ಆಂಪ್‌ನದನ್ನು ಕೂರಿಸುವವರಿದ್ದಾರೆ. ಎಂಸಿಬಿ ಇರುವುದೇ ಮುಖ್ಯವಾಗಿ ವೈರನ್ನು ಕಾಯುವುದಕ್ಕೆ. ಹೀಗೆ ದೊಡ್ಡದನ್ನು ಹಾಕಿದರೆ ಗೋಡೆಯೊಳಗೆ ವೈರು ಕಾದು ಇನ್ಸುಲೇಷನ್ ಮೆತ್ತಗಾಗುತ್ತಿದ್ದರೂ ಅದು ಟ್ರಿಪ್ ಆಗದೆ ಹೋಗಬಹುದು. ಅರ್ಥಿಂಗ್ ಇಲ್ಲದ ಕಡೆ ಅರ್ಥ್ ವೈರನ್ನು ನ್ಯೂಟ್ರಲ್ಲಿಗೇ ಜೋಡಿಸುವುದಂತೂ ಖಂಡಿತ ಕೂಡದು. ಸಾಕೆಟ್ಟಿಗೆ ಬರುವ ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ ವೈರು ಕಡಿದುಹೋದರೆ ಓವನ್ನಿನ ಲೋಹದ ಮೈಗೇ ಕರೆಂಟ್ ಬರುತ್ತದೆ.

ಬೆಲೆ ಕಡಿಮೆ ಎಂಬುದೊಂದೇ ಈ ಅಡಾಪ್ಟರಿನ ಗುಣ. ಒಲೆ, ಓವನ್, ಗೀಸರ್‌ಗಳಿಗೆ ಇದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಡಿಬಿಯಿಂದಲೇ (ಎಂಸಿಬಿಗಳಿರುವ ಪೆಟ್ಟಿಗೆ) ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರು ಎಳೆಸಿ, 16 ಆಂಪ್ ಸಾಕೆಟ್ ಹಾಕಿಸಿ, ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯೇ ಎಂದು ಅವರಿಂದಲೇ ಪರೀಕ್ಷೆ ಮಾಡಿಸಿಕೊಳ್ಳಿ.