ಡಿಎನ್‌ಎ ಸಂಶೋಧನಾ ಪೇಪರ್ ಮೂರು ದಿನಕ್ಕೆ ಜರ್ನಲ್‌ನಲ್ಲಿ ಹಾಕಿಸ್ತೀವಿ ಅಂದವರಿಗೆ ದುಡ್ಡು ಕೊಡಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಫೊರೆನ್ಸಿಕ್ ಜೆನೆಟಿಕ್ಸ್ (ಅಪರಾಧ ತನಿಖೆಗೆ ನೆರವಾಗೋ ಡಿಎನ್‌ಎ ವಿಜ್ಞಾನ) ಪಿಎಚ್‌ಡಿ ಮಾಡ್ತಿರೋರು ದಯವಿಟ್ಟು ಓದಿ. ಇಂಥ ಏಜೆಂಟ್ ಒಬ್ಬನನ್ನು ನಂಬಿ ನಮ್ಮ 28,000 ರೂಪಾಯಿ ಹೋಯ್ತು. ದುಡ್ಡಿಗಿಂತ ದೊಡ್ಡದೂ ಹೋಗಿದೆ.

ನಮ್ಮ ಪೇಪರಿನಲ್ಲಿದ್ದದ್ದು ಸಿರುಗುಪ್ಪ, ಕುರುಗೋಡು ಕಡೆಯ 112 ಗಂಡಸರ ವೈ-ಎಸ್‌ಟಿಆರ್ ಡೇಟಾ (ವೈ ಕ್ರೋಮೋಸೋಮಿನಲ್ಲಿ ಮತ್ತೆ ಮತ್ತೆ ಬರೋ ಡಿಎನ್‌ಎ ತುಣುಕುಗಳ ಎಣಿಕೆ), 23 ಮಾರ್ಕರ್ (ಎಣಿಸೋ ಜಾಗ). ಏಜೆಂಟ್ ವಾಟ್ಸಾಪಿನಲ್ಲಿ 'ಯುಜಿಸಿ ಕೇರ್ ಜರ್ನಲ್ ಸರ್, ಗ್ಯಾರಂಟಿ' ಅಂದ. ಆ ಕೇರ್ ಪಟ್ಟಿಯನ್ನು (ಒಪ್ಪಿತ ಜರ್ನಲ್‌ಗಳ ಪಟ್ಟಿ) ಯುಜಿಸಿ 2025ರ ಫೆಬ್ರವರಿಯಲ್ಲೇ ಕೈಬಿಟ್ಟಿತ್ತು, ಇದು ಅದಾದ ಮೇಲಿನ ಮಾತು. ಮೂರನೇ ದಿನಕ್ಕೆ ಅಕ್ಸೆಪ್ಟೆನ್ಸ್ ಲೆಟರ್. ದುಡ್ಡು ಹೋಗಿದ್ದು ಯಾರದೋ ಫೋನ್‌ಪೇ ನಂಬರಿಗೆ. ಇನ್‌ವಾಯ್ಸ್ ಇಲ್ಲ.

ಮೋಸ ಅಂತ ಖಾತ್ರಿಯಾಗಿದ್ದು ಪೇಪರ್ ಬಂದ ಮೇಲೆ. ಟೇಬಲಿನ ಒಂದು ಸಾಲಿನಲ್ಲಿ ಡಿವೈಎಸ್389-I ಅನ್ನೋ ಮಾರ್ಕರ್‌ಗೆ 13, ಡಿವೈಎಸ್389-II ಅನ್ನೋದಕ್ಕೆ 16 ಅಂತಿದೆ. ಎರಡನೆಯದರೊಳಗೆ ಮೊದಲನೆಯದೂ ಸೇರಿರುತ್ತದೆ, ಅಲ್ಲಿ 13 ಕೂಡಿಸಿ 29 ಇರಬೇಕು. ನಮ್ಮಲ್ಲೇ 29ರಿಂದ 13 ಕಳೆದು ಟೈಪ್ ಮಾಡಿದ ತಪ್ಪು. ಆದರೆ ವಿಷಯ ಗೊತ್ತಿರೋ ರಿವ್ಯೂವರ್ ಒಬ್ಬ ಕಣ್ಣಾಡಿಸಿದ್ದರೂ ಇದು ಸಿಕ್ಕಿಬೀಳುತ್ತಿತ್ತು. ಯಾರೂ ಓದಿಯೇ ಇಲ್ಲ! ವೈಎಚ್‌ಆರ್‌ಡಿ (ವೈ ಡೇಟಾ ಜಮಾ ಮಾಡೋ ಅಂತರರಾಷ್ಟ್ರೀಯ ಡೇಟಾಬೇಸ್) ಕೊಡೋ ಅಕ್ಸೆಶನ್ ನಂಬರ್ ಸಹ ಕೇಳಲಿಲ್ಲ.

ತಿದ್ದಿ ಅಂದ್ರೆ, 'ಜರ್ನಲ್ ಇಶ್ಯೂ ಕ್ಲೋಸ್ ಆಗಿದೆ ಸರ್.' ರಿವ್ಯೂ ರಿಪೋರ್ಟ್ ಕೊಡಿ ಅಂದ್ರೆ, 'ಕಾನ್ಫಿಡೆನ್ಶಿಯಲ್ ಸರ್.' ಪೇಪರ್ ತೆಗೆದುಹಾಕಿ ಅಂದ್ರೆ, 'ವಿತ್‌ಡ್ರಾವಲ್ ಚಾರ್ಜ್ 15,000 ಸರ್.' ತೆಗೆಯದೆ ಬೇರೆ ಜರ್ನಲ್‌ಗೆ ಕಳಿಸೋ ಹಾಗಿಲ್ಲ, ಒಂದೇ ಡೇಟಾ ಎರಡು ಸಲ ಪ್ರಕಟಿಸಿದಂತಾಗುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತು.

ಹೊಟ್ಟೆ ಉರಿಯೋದು ಇದಕ್ಕೆ. 'ರಿವ್ಯೂವರ್‌ಗೆ ಮಾತ್ರ' ಅಂತ ಮೂಲ ಎಕ್ಸೆಲ್ ಫೈಲ್ ಇಸಿದುಕೊಂಡರು. ಅದರಲ್ಲಿ ಊರು, ಮನೆತನದ ಹೆಸರು ಇತ್ತು. ಹಾಗೇ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟರು. ವೈ ಹ್ಯಾಪ್ಲೋಟೈಪ್ (ಆ ಮಾರ್ಕರ್‌ಗಳ ಅಂಕಿಗಳ ಸಾಲು) ಅಪ್ಪನಿಂದ ಮಗನಿಗೆ ಬರೋದು, ಅಣ್ಣತಮ್ಮ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರದೂ ಸಾಮಾನ್ಯವಾಗಿ ಒಂದೇ. ಒಬ್ಬ ಸಹಿ ಹಾಕಿ ರಕ್ತ ಕೊಟ್ಟರೆ ಮನೆತನದ ಗಂಡಸರೆಲ್ಲ ಬಯಲಿಗೆ ಬಿದ್ದಂತೆ. ಗುರುತು ಹೊರಗೆ ಹೋಗಲ್ಲ ಅಂತ ಕನ್ನಡದಲ್ಲೇ ಓದಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದು. ಕೇಳಿದರೆ ಬಂದ ಉತ್ತರ: 'ಓಪನ್ ಆಕ್ಸೆಸ್ ಅಲ್ವಾ ಸರ್.'

ವೈ ಡೇಟಾನ ಮೊದಲು ವೈಎಚ್‌ಆರ್‌ಡಿಗೆ ಕಳಿಸಿ, ಮೈಟೋಕಾಂಡ್ರಿಯಾದ್ದು (ತಾಯಿಯಿಂದ ಬರೋ ಡಿಎನ್‌ಎ) ಎಂಪಾಪ್‌ಗೆ, ಆಟೋಸೋಮಲ್ (ಲಿಂಗ ಕ್ರೋಮೋಸೋಮ್ ಬಿಟ್ಟು ಉಳಿದವುಗಳ) ಎಸ್‌ಟಿಆರ್ ಆದರೆ ಸ್ಟ್ರೈಡರ್‌ಗೆ, ಇವೂ ಅಂಥವೇ ಡೇಟಾಬೇಸ್. ತಪ್ಪು ಅಲ್ಲೇ ಗೊತ್ತಾಗುತ್ತದೆ. ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ನಂಬರ್) ಪೋರ್ಟಲಿನಲ್ಲಿ ಆ ನಂಬರ್ ಹಾಕಿ ನೋಡಿ. ಸಂಪಾದಕ ಮಂಡಳಿಯಲ್ಲಿ ಹೆಸರಿರೋ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ಇಮೇಲಿಗೇ ಬರೆದು ಕೇಳಿ. ಏಜೆಂಟ್ ನಂಬರಿಗೆ ಒಂದು ರೂಪಾಯಿಯೂ ಬೇಡ. ಕೊಟ್ಟಾಗಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫೈಲಿನಲ್ಲಿ ಗುರುತಿಗೆ ಕೋಡ್ ನಂಬರ್ ಬಿಟ್ಟು ಬೇರೇನೂ ಇರಬಾರದು, ಯಾರೇ ಕೇಳಲಿ.

ನಮ್ಮ ಆ ಫೈಲ್ ಇವತ್ತು ಬೆಳಗ್ಗೆ ನೋಡಿದಾಗಲೂ ಅಲ್ಲೇ ಇತ್ತು.