ಎರಡಡಿ ಟ್ಯಾಂಕಿಗೆ ರಿಟರ್ನ್ ಪಂಪ್: ಲೀಟರ್ ಆಮೇಲೆ, ಮೊದಲು ಹೆಡ್ ನೋಡಿ

ತೋಟಕ್ಕೆ ಬೋರ್‌ವೆಲ್ ಮೋಟರ್ ತರಲು ಹೋದವರು ಮೊದಲು ಕೇಳುವುದು ಎಷ್ಟು ಅಡಿ ಹೆಡ್ಡಿಗೆ, ಅಂದರೆ ಎತ್ತರಕ್ಕೆ, ನೀರೆತ್ತುತ್ತದೆ ಅಂತ. ಅಕ್ವೇರಿಯಂ ಅಂಗಡಿಯಲ್ಲಿ ಮಾತ್ರ ಈ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಡಬ್ಬದ ಮೇಲಿನ "ಗಂಟೆಗೆ ಇಷ್ಟು ಲೀಟರ್" ನೋಡಿ ದುಡ್ಡು ಕೊಟ್ಟು ಬರುತ್ತಾರೆ. ಆ ಲೀಟರ್, ಪಂಪು ನೀರನ್ನು ಒಂದಿಂಚೂ ಮೇಲೆತ್ತದೆ ಹರಿಸಿದಾಗಿನ ಲೆಕ್ಕ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಇರುವ ಗರಿಷ್ಠ ಹೆಡ್ ಎಂದರೆ ಪಂಪಿನ ಉಸಿರು ನಿಲ್ಲುವ ಎತ್ತರ; ಅಲ್ಲಿ ಬರುವ ನೀರು ಸೊನ್ನೆ. ನಿಮ್ಮ ಟ್ಯಾಂಕು ಇವೆರಡರ ನಡುವೆ ಎಲ್ಲೋ ಇರುತ್ತದೆ.

ಇಲ್ಲಿ ನೋಡುತ್ತಿರುವುದು ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕು, ಕೆಳಗೆ ಕ್ಯಾಬಿನೆಟ್ಟಿನೊಳಗೆ ಸಂಪ್, ಅಂದರೆ ಮೇಲಿನ ನೀರು ಇಳಿದು ಬಂದು ಸೋಸಿಕೊಳ್ಳುವ ಸಣ್ಣ ತೊಟ್ಟಿ. ಅಲ್ಲಿಂದ ನೀರನ್ನು ಮತ್ತೆ ಮೇಲಕ್ಕೆ ಕಳಿಸುವುದೇ ರಿಟರ್ನ್ ಪಂಪು. ಅಂಚಿನವರೆಗೆ ತುಂಬಿದರೆ 127 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 110 ಲೀಟರ್ ಆಸುಪಾಸು. ಸಂಪಿನ ಮೂಲಕ ಗಂಟೆಗೆ ಮೂರರಿಂದ ಐದು ಸಲ ನೀರು ತಿರುಗಿದರೆ ಸಾಕು, ಅಂದರೆ 330ರಿಂದ 550 ಲೀಟರ್. ಸಮುದ್ರ ನೀರಿನ ಟ್ಯಾಂಕಿಗೆ ಹತ್ತಿಪ್ಪತ್ತು ಪಟ್ಟು ಬೇಕು ಅನ್ನುತ್ತಾರಲ್ಲ, ಅದು ಟ್ಯಾಂಕಿನೊಳಗಿನ ಹರಿವು. ಅದನ್ನು ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೇ ಕೂತು ನೀರು ಕಲಕುವ ಪುಟ್ಟ ಪಂಪು, ನೋಡಿಕೊಳ್ಳಲಿ. ಆ ಕೆಲಸವನ್ನೂ ರಿಟರ್ನ್ ಪಂಪಿಗೇ ಹೊರಿಸಿದರೆ ಸದ್ದು, ಗುಳ್ಳೆ, ಬಿಸಿ ಮೂರೂ ಸಿಗುತ್ತವೆ.

ಹೆಡ್ ಅಳೆಯಬೇಕಾದ್ದು ಪಂಪಿನ ಬುಡದಿಂದಲ್ಲ, ಸಂಪಿನ ನೀರಿನ ಮಟ್ಟದಿಂದ ಮೇಲಿನ ಟ್ಯಾಂಕಿನ ನೀರಿನ ಮಟ್ಟದವರೆಗೆ. ಕ್ಯಾಬಿನೆಟ್ 75 ಸೆಂಟಿಮೀಟರ್, ಟ್ಯಾಂಕಿನ ನೀರು ಅದರ ಮೇಲೆ 43, ಸಂಪಿನ ನೀರು ನೆಲದಿಂದ 25 ಎಂದುಕೊಳ್ಳಿ. ಎತ್ತಬೇಕಾದ್ದು 93 ಸೆಂಟಿಮೀಟರ್. ಪೈಪಿನ ಉಜ್ಜುವಿಕೆ, ಎರಡು ಮೂರು ಎಲ್ಬೋ, ಒಂದು ವಾಲ್ವ್ ಇವಕ್ಕೆಲ್ಲ ಇನ್ನೊಂದು 25 ಸೇರಿಸಿ. ಒಟ್ಟು 1.2 ಮೀಟರ್. ಪಂಪುಗಳನ್ನು ಈ ಗೆರೆಯ ಮೇಲೆ ನಿಲ್ಲಿಸಿ ನೋಡೋಣ.

ಇಟಲಿಯ ಸಿಚೆ ಕಂಪನಿಯ ಸಿಂಕ್ರಾ ಸೈಲೆಂಟ್ 1.0 ಮಾದರಿಗೆ ಡಬ್ಬದ ಮೇಲಿನ ಲೆಕ್ಕ 950 ಲೀಟರ್, 16 ವ್ಯಾಟ್, ಗರಿಷ್ಠ ಹೆಡ್ 1.5 ಮೀಟರ್. 950 ಅಂದರೆ ಸಾಕಷ್ಟಾಯಿತು ಅನಿಸುತ್ತದೆ. 1.2 ಮೀಟರಿನಲ್ಲಿ ಉಳಿಯುವುದು ಐದರಲ್ಲೊಂದು ಪಾಲು, ಹೆಚ್ಚೂಕಡಿಮೆ 190 ಲೀಟರ್. ಈ ಟ್ಯಾಂಕಿಗೆ ಸಾಲದು. ಸಿಂಕ್ರಾ 1.5ಕ್ಕೆ 1350 ಲೀಟರ್, 23 ವ್ಯಾಟ್, 1.8 ಮೀಟರ್; ಅಲ್ಲಿ 450 ಲೀಟರ್ ಸಿಗುತ್ತದೆ. ಸಿಂಕ್ರಾ 2.0ಕ್ಕೆ 2150 ಲೀಟರ್, 32 ವ್ಯಾಟ್, 2 ಮೀಟರ್, ಸಿಗುವುದು 860. ಇದು ಡಬ್ಬದ ಲೀಟರಿನಿಂದ ಗರಿಷ್ಠ ಹೆಡ್ಡಿನ ಸೊನ್ನೆಯವರೆಗೆ ನೇರ ಗೆರೆ ಎಳೆದು ಮಾಡಿದ ಅಂದಾಜು, ಕಂಪನಿಯ ಗ್ರಾಫಿನ ವಕ್ರರೇಖೆಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಯಾವುದನ್ನು ಕೊಳ್ಳಬೇಕು ಅನ್ನುವುದು ಬದಲಾಗುವುದಿಲ್ಲ. ಸಿಹಿನೀರಿನ ಗಿಡದ ಟ್ಯಾಂಕಿಗೆ 1.5 ಸರಿಯಾದ ಅಳತೆ. ರಿಟರ್ನ್ ಲೈನಿನಿಂದಲೇ ಯುವಿ (ಪಾಚಿ, ರೋಗಾಣು ಕೊಲ್ಲುವ ದೀಪ) ಅಥವಾ ರಿಯಾಕ್ಟರಿಗೆ (ಸೋಸುವ ಪದಾರ್ಥ ತುಂಬಿದ ಕೊಳವೆ) ಕವಲು ತೆಗೆಯುವ ಯೋಚನೆಯಿದ್ದರೆ ಮಾತ್ರ 2.0 ತೆಗೆದುಕೊಂಡು ವಾಲ್ವಿನಲ್ಲಿ ಕಡಿಮೆ ಮಾಡಿಕೊಳ್ಳಿ.

ಜರ್ಮನಿಯ ಏಹೈಮ್ 1250 ಹಳೆಯ ಕುಳ. 1200 ಲೀಟರ್, 28 ವ್ಯಾಟ್, 2 ಮೀಟರ್ ಹೆಡ್. ಲೀಟರಿನಲ್ಲಿ ಸಿಂಕ್ರಾ 1.5ಕ್ಕಿಂತ ಕಡಿಮೆ, ಆದರೂ 1.2 ಮೀಟರಿನಲ್ಲಿ 480 ಲೀಟರ್ ಕೊಟ್ಟು ಅದನ್ನು ಹಿಂದೆ ಹಾಕುತ್ತದೆ. ಹೆಡ್ ನೋಡಿ ಅಂದದ್ದು ಇದಕ್ಕೇ. ಎರಡನ್ನೂ ನೀರಿನೊಳಗೂ ಹೊರಗೂ ಕೂರಿಸಬಹುದು. ಐದು ವ್ಯಾಟ್ ಹೆಚ್ಚು ತಿನ್ನುವ ಏಹೈಮ್ ತಿಂಗಳಿಗೆ 20 ಯೂನಿಟ್, ಸಿಂಕ್ರಾ 1.5 ಹದಿನಾರೂವರೆ ಯೂನಿಟ್. ಇನ್ನು ಚೀನಾದ ಜೆಬಾವೊ ಥರದ 24 ವೋಲ್ಟ್ ಡಿಸಿ ಪಂಪುಗಳು. ವೇಗವನ್ನು ಗುಂಡಿಯಲ್ಲೇ ಏರಿಸಿ ಇಳಿಸಬಹುದು, ಬೇಕಾದಷ್ಟಕ್ಕೇ ಕರೆಂಟು ಎಳೆಯುತ್ತದೆ, ಸದ್ದೂ ಕಡಿಮೆ. ಎರಡಡಿ ಟ್ಯಾಂಕಿನಲ್ಲಿ ಅದನ್ನು ಕೆಳವೇಗದಲ್ಲೇ ಓಡಿಸಬೇಕಾಗುತ್ತದೆ, ಅದು ಒಳ್ಳೆಯದೇ. ತೊಂದರೆ ಪಂಪಿನದಲ್ಲ, ಕಂಟ್ರೋಲರ್ ಮತ್ತು ಅಡಾಪ್ಟರಿನದು: ಒಂದು ಪಂಪಿಗೆ ಕೆಡಬಹುದಾದ ಮೂರು ಭಾಗಗಳಾದವು. ಕ್ಯಾಬಿನೆಟ್ಟಿನೊಳಗಿನ ತೇವದಲ್ಲಿ ಅವನ್ನಿಡದೆ ಹೊರಗೆ ತೂಗುಹಾಕಿ. ಕರೆಂಟು ಹೋಗಿ ಬಂದಾಗ ಹಳೆಯ ವೇಗದಲ್ಲೇ ತಾನಾಗಿ ಶುರುವಾಗುತ್ತದೆಯೇ ಎಂದು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ ತನ್ನಿ. ಹೆಡ್ ಎಷ್ಟೆಂದೇ ಬರೆಯದ ಹೆಸರಿಲ್ಲದ ಅಗ್ಗದ ಪಂಪು, ಕೂಲರ್ ಪಂಪು ಇವು ಮೂರಡಿ ಕೆಳಗಿಂದ ನೀರೆತ್ತುವ ಕೆಲಸಕ್ಕೆ ಬೇಡ.

ಎಸಿ ಪಂಪಿಗೆ ಮನೆಯ ಇನ್ವರ್ಟರ್ ಯಾವುದು ಅನ್ನುವುದೂ ಮುಖ್ಯ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುಂಯ್ ಎನ್ನುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಸೈನ್ ವೇವ್ ಆದರೆ ಚಿಂತೆಯಿಲ್ಲ.

ಈಗ ಪೈಪು. ಹೆಚ್ಚಿನ ಸೋರಿಕೆ ಶುರುವಾಗುವುದು ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ. ನಮ್ಮಲ್ಲಿ ಸಿಗುವುದು ಮೂರು ಬೇರೆ ಬೇರೆ ಕುಲದ ಪೈಪು. ಬೂದುಬಣ್ಣದ ಕೃಷಿ ಪಿವಿಸಿ, ಐಎಸ್ 4985 ಪ್ರಕಾರದ್ದು, ಹೊರ ಅಳತೆ ಮಿಲಿಮೀಟರಿನಲ್ಲಿ: 20, 25, 32. ಮನೆ ಪ್ಲಂಬಿಂಗಿನ ಬಿಳಿ ಯುಪಿವಿಸಿ ಇಂಚಿನ ಲೆಕ್ಕ: ಅರ್ಧ ಇಂಚಿನದು ಹೊರಗೆ 21.3 ಮಿಲಿಮೀಟರ್, ಮುಕ್ಕಾಲಿಂಚು 26.7, ಒಂದಿಂಚು 33.4. ಕೆನೆಬಣ್ಣದ ಸಿಪಿವಿಸಿಗೂ ಇಂಚೇ, ಆದರೆ ಅರ್ಧ ಇಂಚು ಅಂದರೆ 15.9, ಮುಕ್ಕಾಲು 22.2. ಒಂದರ ಪೈಪು ಇನ್ನೊಂದರ ಫಿಟಿಂಗಿಗೆ ಕೂರುವುದಿಲ್ಲ. "ಸ್ವಲ್ಪ ಸಾಲ್ವೆಂಟ್ ಜಾಸ್ತಿ ಹಾಕಿ ಸಾರ್, ಕೂರುತ್ತೆ" ಎಂದರೆ ನಂಬಬೇಡಿ. ಕುಲ ಬದಲಾಗಲೇಬೇಕಾದ ಕಡೆ ಹೊರಥ್ರೆಡ್ಡಿನ ಮತ್ತು ಒಳಥ್ರೆಡ್ಡಿನ ಅಡಾಪ್ಟರುಗಳಾದ ಎಂಟಿಎ, ಎಫ್‌ಟಿಎ ಹಾಕಿ ಥ್ರೆಡ್ಡಿನಲ್ಲಿ ಸೇರಿಸಿ, ಟೆಫ್ಲಾನ್ ಟೇಪು ಐದಾರು ಸುತ್ತು. ಎಲ್ಲವನ್ನೂ ಬಿಳಿ ಯುಪಿವಿಸಿಯಲ್ಲೇ ಮಾಡುವುದು ಸುಲಭ: ರಿಟರ್ನಿಗೆ ಮುಕ್ಕಾಲಿಂಚು, ಮೇಲಿನ ನೀರನ್ನು ಸಂಪಿಗೆ ಇಳಿಸುವ ಡ್ರೇನಿಗೆ ಒಂದಿಂಚು. ಒಂದು ಮೀಟರ್ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.1 ಕೆಜಿ, ದಪ್ಪ ಗೋಡೆಯ ಪೈಪಿಗೆ ದುಡ್ಡು ಸುರಿಯಬೇಕಿಲ್ಲ, ಅದೇ ದುಡ್ಡನ್ನು ಒಳವ್ಯಾಸಕ್ಕೆ ಕೊಡಿ. ಸಿಪಿವಿಸಿಯಲ್ಲಿ ಅರ್ಧ ಇಂಚಿನ ಬದಲು ಮುಕ್ಕಾಲಿಂಚು ಹಾಕಿದರೆ ಅದೇ ಹರಿವಿಗೆ ಉಜ್ಜುವಿಕೆಯ ನಷ್ಟ ಸುಮಾರು ಆರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಹಿತ್ತಾಳೆಯ ಇನ್ಸರ್ಟ್ ಇರುವ ಎಲ್ಬೋ, ಎಫ್‌ಟಿಎ ತರಬೇಡಿ, ಪೂರಾ ಪ್ಲಾಸ್ಟಿಕ್ಕಿನದನ್ನೇ ಕೇಳಿ. ಹಿತ್ತಾಳೆಯಿಂದ ಬಿಡುವ ತಾಮ್ರ ಸೀಗಡಿ, ಬಸವನಹುಳು, ಹವಳಕ್ಕೆ ವಿಷ. ಸಮುದ್ರ ನೀರಾದರೆ ಸ್ಟೀಲ್ ಕ್ಲಾಂಪೂ ತುಕ್ಕು ಹಿಡಿಯುತ್ತದೆ.

ಪಂಪಿನ ಬಾಯಿಗೆ ಗಟ್ಟಿ ಪೈಪನ್ನು ನೇರ ಜೋಡಿಸಿದರೆ ಇಡೀ ಕ್ಯಾಬಿನೆಟ್ ತಂಬೂರಿಯಾಗುತ್ತದೆ. ಒಂದಡಿ ಮೆತ್ತನೆ ಹೋಸ್ ನಡುವೆ ಇರಲಿ. ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಏರಿಸಿ ಕ್ಲಾಂಪ್ ಬಿಗಿಯಿರಿ. ಪಾರದರ್ಶಕ ಹೋಸಿನೊಳಗೆ ಪಾಚಿ ಬೆಳೆಯುತ್ತದೆ, ಕಪ್ಪು ಹೋಸೇ ಒಳ್ಳೆಯದು. ಹೋಸ್ ಮುಗಿದ ಕಡೆ ಬಿಚ್ಚಿ ಜೋಡಿಸಬಹುದಾದ ಒಂದು ಯೂನಿಯನ್, ಅದರ ಮೇಲೆ ಬಾಲ್ ವಾಲ್ವ್. ಯೂನಿಯನ್ ಇಲ್ಲದಿದ್ದರೆ ಪಂಪು ತೊಳೆಯಲು ಪ್ರತಿ ಸಲ ಹ್ಯಾಕ್ಸಾ ಬ್ಲೇಡ್ ಬೇಕು. ಹರಿವು ಕಡಿಮೆ ಮಾಡುವುದು ಯಾವಾಗಲೂ ಪಂಪಿನ ಹೊರಬಾಯಿಯಲ್ಲಿ. ಪೈಪು ಜೋಡಿಸಿ ಹೊರಗಿಟ್ಟ ಪಂಪಿನ ಒಳಬಾಯಿಯನ್ನು ವಾಲ್ವಿನಿಂದ ಕಟ್ಟಿದರೆ ನೀರು ಸಾಲದೆ ಕರಕರ ಅನ್ನುತ್ತದೆ.

ಡ್ರೇನಿಗೆ ಟ್ಯಾಂಕ್ ನಿಪ್ಪಲ್ (ಗಾಜಿನ ತೂತಿಗೆ ಪೈಪು ಕೂರಿಸುವ ಫಿಟಿಂಗ್) ಎರಡು ಹಾಕಿ. ಒಂದಕ್ಕೆ ಗೇಟ್ ವಾಲ್ವ್ ಕೊಟ್ಟು ಪೈಪು ಪೂರ್ತಿ ತುಂಬಿ ಸೈಫನ್ನಿನಲ್ಲಿ ಸದ್ದಿಲ್ಲದೆ ಹರಿಯುವಂತೆ ಮಾಡಿ. ಎರಡನೆಯದರ ಬಾಯಿ ಸ್ವಲ್ಪ ಎತ್ತರದಲ್ಲಿ, ಖಾಲಿ. ಮೊದಲನೆಯದು ಎಲೆಯೋ ಬಸವನಹುಳುವೋ ಕಟ್ಟಿ ನಿಂತರೆ ಇದು ಕಾಯುತ್ತದೆ. ಇದಕ್ಕೆ ವಾಲ್ವ್ ಹಾಕಲೇಕೂಡದು. ಹರ್ಬಿ ಅನ್ನುವ ಈ ವಿಧಾನಕ್ಕೆ ಬಾಲ್ ವಾಲ್ವ್ ಸರಿಬಾರದು: ಒಂದು ಕೂದಲೆಳೆ ತಿರುಗಿಸಿದರೂ ಮಟ್ಟ ಎದ್ದು ಬೀಳುತ್ತದೆ. ನಿಪ್ಪಲ್ಲಿನ ರಬ್ಬರ್ ವಾಷರ್ ಅಗಲ ತಲೆಯ ಕಡೆ, ನೀರಿನ ಬದಿಗೆ ಇರಲಿ. ನಟ್ಟನ್ನು ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು. ತೂತು ಕೊರೆಸುವ ಮುಂಚೆ ಗಾಜು ಟಫನ್ಡ್ ಅಲ್ಲವೆಂದು ಖಚಿತಪಡಿಸಿಕೊಳ್ಳಿ, ಅದಾಗಿದ್ದರೆ ಪುಡಿಪುಡಿ. ಅಂಚಿನಿಂದ ಕನಿಷ್ಠ ತೂತಿನ ವ್ಯಾಸದಷ್ಟು ದೂರ, ಡೈಮಂಡ್ ಬಿಟ್, ನಿಧಾನ ವೇಗ, ಮೇಲೆ ನೀರು ಸುರಿಯುತ್ತಲೇ ಇರಬೇಕು. ಸಾಲ್ವೆಂಟ್ ಹಾಕಿದ ಮೇಲೆ 24 ಗಂಟೆ ಬಿಡಿ.

ಎಲ್ಲಕ್ಕಿಂತ ಹೆಚ್ಚು ನೆಲ ಒದ್ದೆಯಾಗುವುದು ಕರೆಂಟು ಹೋದಾಗ. ಪಂಪು ನಿಂತ ತಕ್ಷಣ ರಿಟರ್ನ್ ಪೈಪು ಉಲ್ಟಾ ಸೈಫನ್ ಆಗಿ, ಅದರ ಬಾಯಿ ಗಾಳಿಗೆ ತೆರೆಯುವವರೆಗೆ ನೀರನ್ನು ಕೆಳಗೆಳೆಯುತ್ತದೆ. ಈ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 2.8 ಲೀಟರ್. ರಿಟರ್ನ್ ಪೈಪಿನ ಬಾಯಿ, ಅಂದರೆ ನಾಝಲ್, 5 ಸೆಂಟಿಮೀಟರ್ ಮುಳುಗಿದ್ದರೆ 14 ಲೀಟರ್ ಕೆಳಗೆ. ಹದಿನೆಂಟು ಇಂಚು ಉದ್ದ, ಹತ್ತು ಇಂಚು ಅಗಲದ ಸಂಪಿನಲ್ಲಿ 10 ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೂ ಹಿಡಿಯುವುದು ಹನ್ನೊಂದೂವರೆ ಲೀಟರ್. ನಾಝಲ್ ಅನ್ನು 2 ಸೆಂಟಿಮೀಟರಿಗೆ ತಂದರೆ ಐದೂವರೆ ಲೀಟರ್, ಜೊತೆಗೆ ಓವರ್‌ಫ್ಲೋ ಪೆಟ್ಟಿಗೆ ಮತ್ತು ಪೈಪಿನಲ್ಲಿದ್ದದ್ದು ಒಂದೆರಡು ಲೀಟರ್, ಸಲೀಸಾಗಿ ಹಿಡಿಯುತ್ತದೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೆ 3-4 ಮಿಲಿಮೀಟರ್ ತೂತು ಕೊರೆದರೆ ಸೈಫನ್ ಇನ್ನೂ ಬೇಗ ಮುರಿಯುತ್ತದೆ. ಪಾಚಿ ಕಟ್ಟುವ ತೂತು ಅದು, ತಿಂಗಳಿಗೊಮ್ಮೆ ಹಲ್ಲುಕಡ್ಡಿ ಆಡಿಸಿ. ಎನ್‌ಆರ್‌ವಿ (ನೀರು ವಾಪಸು ಬಾರದಂತೆ ತಡೆಯುವ ವಾಲ್ವ್) ಹಾಕಿದ್ದೇನೆ, ಸಾಕು ಅನ್ನುವವರಿದ್ದಾರೆ. ಒಂದು ಮರಳಿನ ಕಾಳು ಸಿಕ್ಕಿಕೊಂಡರೆ ಎನ್‌ಆರ್‌ವಿ ಮುಚ್ಚುವುದಿಲ್ಲ, ಸರಿಯಾಗಿ ಮುಚ್ಚುವಂಥದ್ದಾದರೂ ಪಂಪು ಓಡುವಾಗ ಅದು ಹೆಡ್ ತಿನ್ನುತ್ತದೆ.

ತಿರುಗುಮುರುಗಿನ ಅಪಾಯಕ್ಕೂ ಲೆಕ್ಕ ಇದೆ. ಎರಡೂ ಡ್ರೇನ್ ಕಟ್ಟಿದರೆ ಪಂಪು ಸಂಪಿನಲ್ಲಿ ತಾನಿರುವ ಕೋಣೆಯ ನೀರನ್ನೆಲ್ಲ ಮೇಲೆ ತಳ್ಳುತ್ತದೆ. ಕೋಣೆ 20 ಸೆಂಟಿಮೀಟರ್‌ಗೆ 25 ಇದ್ದು, ಪಂಪಿನ ಬಾಯಿಗಿಂತ ಮೇಲೆ 10 ಸೆಂಟಿಮೀಟರ್ ನೀರಿದ್ದರೆ ಅದು 5 ಲೀಟರ್. ಮೇಲಿನ ಟ್ಯಾಂಕು 1.8 ಸೆಂಟಿಮೀಟರ್ ಏರುತ್ತದೆ. ಅಷ್ಟು ಜಾಗ ಅಂಚಿನವರೆಗೆ ಬಿಟ್ಟಿರಬೇಕು.

ನೀರು ತುಂಬಿದ ಮೇಲೆ ನಾಝಲ್ಲಿನ ಬಾಯಿಗೆ 5 ಲೀಟರ್ ಬಕೆಟ್ ಹಿಡಿದು ಸೆಕೆಂಡ್ ಎಣಿಸಿ. 18000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂದು ಗೊತ್ತಾಗುತ್ತದೆ. 40 ಸೆಕೆಂಡಿಗೆ ತುಂಬಿದರೆ 450. ಈ ಅಂಕಿಯನ್ನು ಕ್ಯಾಬಿನೆಟ್ ಬಾಗಿಲ ಒಳಗೆ ಬರೆದಿಡಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಮೇಲೆ ಸುಣ್ಣ ಕಟ್ಟಿ ಹರಿವು ಮೆಲ್ಲನೆ ಇಳಿಯುತ್ತದೆ. ಕಾಲು ಭಾಗ ಇಳಿದಾಗ ಪಂಪು ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ ಹಳೆ ಬ್ರಶ್ಶಿನಿಂದ ಉಜ್ಜಿ. ಸುಣ್ಣ ಹಿಡಿದ ರೋಟರ್ ಓಡುತ್ತಿರುವವರೆಗೆ ಓಡುತ್ತದೆ, ಕರೆಂಟು ಹೋಗಿ ಬಂದಾಗ ಏಳುವುದಿಲ್ಲ. ಸೆರಾಮಿಕ್ ಶಾಫ್ಟ್ ಕೈಜಾರಿ ಬಿದ್ದರೆ ಚೂರಾಗುತ್ತದೆ, ಹಾಗಾಗಿ ಶಾಫ್ಟ್ ಮತ್ತು ಇಂಪೆಲ್ಲರ್ ಬಿಡಿಯಾಗಿ ಸಿಗುತ್ತವೆಯೇ ಎಂದು ಪಂಪಿಗೆ ದುಡ್ಡು ಕೊಡುವ ಮೊದಲೇ ಅಂಗಡಿಯವರನ್ನು ಕೇಳಿ, ಸಿಕ್ಕರೆ ಒಂದು ಜೊತೆ ಆಗಲೇ ತಂದಿಟ್ಟುಕೊಳ್ಳಿ.