ಇರುವ ಕಾಲೇಜೋ, ಹೆಸರಾಂತ ಕಾಲೇಜೋ?

ಪದವಿಯ ಎರಡು ವರ್ಷ ಓದಿದ ಮೇಲೆ ಹೆಸರಾಂತ ಕಾಲೇಜಿಗೆ ಬದಲಾಗಲು ಸೀಟು ಸಿಕ್ಕಿತೆಂದು ಹಿಗ್ಗುವ ಮೊದಲು ಕ್ರೆಡಿಟ್ (ಮುಗಿಸಿದ ಕೋರ್ಸಿನ ಓದಿನ ಪ್ರಮಾಣದ ಎಣಿಕೆ) ಲೆಕ್ಕ ನೋಡಿ. ಹೊಸ ಕಾಲೇಜು ನಿಮ್ಮ 60 ಕ್ರೆಡಿಟ್‌ಗಳನ್ನೂ ಒಪ್ಪಬಹುದು. ಆದರೆ ಅವು ಮುಖ್ಯ ವಿಷಯಕ್ಕೆ ಸೇರುತ್ತವೋ, ಬರೀ ಐಚ್ಛಿಕವಾಗಿ ಉಳಿಯುತ್ತವೋ? ಐಚ್ಛಿಕವಾದರೆ ಓದಿದ್ದನ್ನೇ ಮತ್ತೆ ಓದಬೇಕು. ಒಂದೆರಡು ಸೆಮಿಸ್ಟರ್, ಅದರ ಶುಲ್ಕ, ಎರಡೂ ಮೈಮೇಲೆ. ಪ್ರತಿ ಕೋರ್ಸಿನ ಪಠ್ಯಕ್ರಮ ಕಳಿಸಿ ವಿಭಾಗದಿಂದಲೇ ಲಿಖಿತ ಉತ್ತರ ತರಿಸಿಕೊಳ್ಳಿ. ಪ್ರವೇಶ ಕಚೇರಿಯ ಬಾಯಿಮಾತು ಸಾಲದು.

ಗ್ರೇಡ್ ಸರಾಸರಿ ಅನೇಕ ಕಡೆ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ವರ್ಷ ಎಡವಿದವರಿಗೆ ಇದು ಅನುಕೂಲ, ಅಂಕ ಕೂಡಿಟ್ಟವರಿಗೆ ನಷ್ಟ. (ಉನ್ನತ ವ್ಯಾಸಂಗಕ್ಕೆ ಹಳೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ, ಅದು ಮರೆಯಾಗದು.) ವಿದ್ಯಾರ್ಥಿವೇತನದಲ್ಲಿ ಉಳಿಯುವವರದೇ ಮೇಲುಗೈ: ದೊಡ್ಡ ಮೊತ್ತದವು ಹೆಚ್ಚಾಗಿ ಮೊದಲ ವರ್ಷ ಸೇರುವವರಿಗೇ ಮೀಸಲು. ಶಿಫಾರಸು ಪತ್ರದ್ದೂ ಅದೇ ಕಥೆ. ಇಲ್ಲಿ ಹೆಸರು ಹಿಡಿದು ಕರೆಯುವ ಅಧ್ಯಾಪಕರಿದ್ದಾರೆ, ಅಲ್ಲಿ ಮೂರನೇ ವರ್ಷದಲ್ಲಿ ಹೊಸಬರು.

ಹಾಗಾದರೆ ಹೋಗುವುದು ಯಾವಾಗ? ನಿಮ್ಮ ವಿಷಯದ ಮೇಲ್ಮಟ್ಟದ ಕೋರ್ಸುಗಳೋ ಪ್ರಯೋಗಾಲಯವೋ ಇಲ್ಲಿ ಇಲ್ಲವೇ ಇಲ್ಲ ಎಂದಾಗ. ಬರೀ ಹೆಸರಿಗಾಗಿಯಾದರೆ ನಮ್ಮ ಮತ ಉಳಿಯುವುದಕ್ಕೇ. ಹೊರಟರೂ, ಅವಕಾಶವಿದ್ದರೆ ಹೆಸರು ತೆಗೆಸದೆ ದೀರ್ಘ ರಜೆ ಕೇಳಿ. ವಾಪಸಾಗಲು ದಾರಿ ಇರುತ್ತದೆ.